‘ಗೊತ್ತಿಲ್ಲ’ಕ್ಕೂ ಒಂದು ಕಾಲಂ

ಪತ್ರಿಕೆಗೆ ಏನಾದರೂ ಬರೆದು ಕೊಡಿ ಅಂತ ಫೋನ್ ಬಂದಾಗ ನನಗೆ ಮೊದಲು ನೆನಪಾಗಿದ್ದು ನನ್ನದೇ ದನಿ. ಕ್ಯಾಸೆಟ್‌ನಲ್ಲಿ ಕೇಳಿದ ದನಿ. ಈಗಲೂ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಎಂ.ಎ. ಎರಡನೇ ವರ್ಷದಲ್ಲಿ ‘ಮಕ್ಕಳು ಮತ್ತು ಮಾಧ್ಯಮ’ ಅನ್ನೋ ಐಚ್ಛಿಕ ವಿಷಯ ತೆಗೆದುಕೊಂಡಿದ್ದು ಆಸಕ್ತಿಯಿಂದ ಏನಲ್ಲ. ಅದಕ್ಕೆ ಬೆಳಗಿನ ಕ್ಲಾಸ್ ಇರಲಿಲ್ಲ, ಅಷ್ಟೇ. ನಾವು ಏಳು ಜನ ಇದ್ದೆವು. ಮೇಡಂ ಮೊದಲ ವಾರವೇ ನಮ್ಮನ್ನು ಹೊರಗೆ ಅಟ್ಟಿದರು. ಒಬ್ಬೊಬ್ಬರೂ ಒಂದು ಮಗುವಿನ ಜೊತೆ ಕೂತು, ಅದು ಟಿ.ವಿ.ಯಲ್ಲಿ ಏನು ನೋಡುತ್ತೆ ಅಂತ ಮಾತಾಡಿಸಿ ರೆಕಾರ್ಡ್ ಮಾಡಿಕೊಂಡು ಬರಬೇಕು. ನನಗೆ ಸಿಕ್ಕಿದ್ದು ಆರು ವರ್ಷದ ಹುಡುಗಿ. ಇಪ್ಪತ್ತು ನಿಮಿಷದ ಕ್ಯಾಸೆಟ್ ತುಂಬಿಸಿಕೊಂಡು, ಕೆಲಸ ಮುಗೀತು ಅಂತ ಖುಷಿಯಲ್ಲಿ ಬಂದೆ.

ಮೇಡಂ ಎಲ್ಲರ ಮುಂದೆ ಅದನ್ನು ಹಾಕಿದರು.

“ಟಿ.ವಿ. ನೋಡಿದರೆ ಭಯ ಆಗುತ್ತಾ?” “ಹೂಂ.” “ರಾತ್ರಿ ಕನಸು ಬೀಳುತ್ತಾ?” “ಹೂಂ.” “ಕೆಟ್ಟ ಕನಸಾ?” “ಹೂಂ.”

“ಮನೇಲಿ ಆನೆ ಸಾಕಿದ್ದೀಯಾ ಅಂತ ಕೇಳಬೇಕಿತ್ತು ನೀನು,” ಅಂದರು ಮೇಡಂ. “ಅದಕ್ಕೂ ಹೂಂ ಅಂತಿದ್ದಳು.”

ಆಮೇಲೆ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಇಡೀ ಕ್ಯಾಸೆಟ್ ಕೇಳಿದರು. ಹುಡುಗಿ ಮಾತಾಡಿದ್ದು ಎರಡು ನಿಮಿಷವೂ ಇಲ್ಲ. ಉಳಿದದ್ದೆಲ್ಲ ನಾನೇ. ಒಂದು ಕಡೆ ಟೇಪ್ ನಿಲ್ಲಿಸಿ, “ಹಿಂದಕ್ಕೆ ತಿರುಗಿಸು” ಅಂದರು. ತಿರುಗಿಸಿದೆ. ಅಲ್ಲಿ ನನ್ನ ಒಂದು ಪ್ರಶ್ನೆ ಆದಮೇಲೆ ಸ್ವಲ್ಪ ಹೊತ್ತು ಸದ್ದಿಲ್ಲ, ಆಮೇಲೆ ಆ ಹುಡುಗಿ “ಅದು...” ಅಂತ ಶುರು ಮಾಡುತ್ತಾಳೆ, ಅಷ್ಟರಲ್ಲಿ ನಾನು ಮುಂದಿನ ಪ್ರಶ್ನೆಗೆ ಹಾರಿದ್ದೇನೆ. “ಆ ‘ಅದು’ ಏನು?” ಅಂತ ಮೇಡಂ ಕೇಳಿದರು. ನನಗೇನು ಗೊತ್ತು? ಇವತ್ತಿಗೂ ಗೊತ್ತಿಲ್ಲ. ಆ ಹುಡುಗಿ ಈಗ ಇಪ್ಪತ್ತರ ಮೇಲಿನ ಹೆಂಗಸು. ಅವಳಿಗೂ ಮರೆತುಹೋಗಿರುತ್ತೆ.

ನಮ್ಮ ಮೇಡಂ ಓದಿದ್ದು ಮನಃಶಾಸ್ತ್ರ, ಪಾಠ ಮಾಡಿದ್ದು ಪತ್ರಿಕೋದ್ಯಮ ವಿಭಾಗದಲ್ಲಿ. ಅದರಿಂದ ಅವರಿಗೆ ಎರಡೂ ಕಡೆ ಜಾಗ ಸಿಗಲಿಲ್ಲ ಅನ್ನಬೇಕು. ಮನಃಶಾಸ್ತ್ರದವರಿಗೆ ಇದು ಪತ್ರಿಕೋದ್ಯಮ, ಪತ್ರಿಕೋದ್ಯಮದವರಿಗೆ ಇದು ಮಕ್ಕಳನ್ನು ನೋಡಿಕೊಳ್ಳೋ ಕೆಲಸ. ಬಡ್ತಿ ಸಮಿತಿಯಲ್ಲಿ ಒಬ್ಬರು “ಕಾರ್ಟೂನ್ ನೋಡೋದೂ ಸಂಶೋಧನೆನಾ?” ಅಂತ ಕೇಳಿದ್ದರಂತೆ. ಈ ವಿಷಯಕ್ಕೇ ಮೀಸಲಾದ ‘ಜರ್ನಲ್ ಆಫ್ ಚಿಲ್ಡ್ರನ್ ಅಂಡ್ ಮೀಡಿಯಾ’ ಶುರುವಾಗಿದ್ದೇ 2007ರಲ್ಲಿ, ಡಾಫ್ನಾ ಲೆಮಿಶ್ ಅದರ ಮೊದಲ ಸಂಪಾದಕಿ. ಆ ಹೊತ್ತಿಗೆ ಮೇಡಂ ತಮ್ಮ ಅರ್ಧ ಸರ್ವಿಸ್ ಮುಗಿಸಿಬಿಟ್ಟಿದ್ದರು.

ಅವರ ಕ್ಲಾಸ್‌ಗಳಲ್ಲಿ ನಮ್ಮ ಬ್ಯಾಚಿನವರೆಲ್ಲ ಮರೆಯದ ಒಂದು ಮಧ್ಯಾಹ್ನ ಇದೆ. ಮೇಡಂ ಗಾಳಿ ತುಂಬಿದ ದೊಡ್ಡ ಗೊಂಬೆಯೊಂದನ್ನು ತಂದು ಮೂಲೆಯಲ್ಲಿ ನಿಲ್ಲಿಸಿದರು. ಹೊಡೆದರೆ ಬಿದ್ದು ಮತ್ತೆ ಎದ್ದು ನಿಲ್ಲುತ್ತಲ್ಲ, ಅಂಥದ್ದು. ಹತ್ತು ನಿಮಿಷದಲ್ಲಿ ಬರ್ತೀನಿ ಅಂತ ಹೇಳಿ ಹೊರಗೆ ಹೋದರು. ವಾಪಸ್ ಬರುವಷ್ಟರಲ್ಲಿ ಏಳು ಜನರಲ್ಲಿ ಐದು ಜನ ಅದಕ್ಕೆ ಗುದ್ದಿಯಾಗಿತ್ತು. “ನೀವೆಲ್ಲ ಯಾವ ಸಿನಿಮಾ ನೋಡಿ ಕಲಿತಿರಿ?” ಅಂದರು. ಆಮೇಲೆ ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1961ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ 72 ಪುಟ್ಟ ಮಕ್ಕಳ ಜೊತೆ ಮಾಡಿದ ಬೋಬೋ ಗೊಂಬೆ ಪ್ರಯೋಗದ ಪಾಠ ಶುರುವಾಯಿತು: ದೊಡ್ಡವರು ಹೊಡೆಯೋದನ್ನು ನೋಡಿದ ಮಕ್ಕಳು ತಾವೂ ಹಾಗೇ ಹೊಡೆಯುತ್ತಾರಾ ಅಂತ. ನಾವು ಗೆದ್ದವರ ಹಾಗೆ, ಹೊಡೆಯೋಕೇ ಮಾಡಿದ ಗೊಂಬೆ ಅದು, ಯಾರಾದರೂ ಹೊಡೆಯುತ್ತಾರೆ, ಪ್ರಯೋಗವೇ ಸುಳ್ಳು ಅಂತ ಶುರು ಹಚ್ಚಿಕೊಂಡೆವು. ಮೇಡಂಗೆ ಅದೂ ಹಿಡಿಸಲಿಲ್ಲ. ಏನೂ ತೋರಿಸದೆ ಬಿಟ್ಟ ಮಕ್ಕಳ ಗುಂಪೂ ಒಂದಿತ್ತು, ದೊಡ್ಡವರು ಗೊಂಬೆಗೆ ಬಡಿಯೋದನ್ನು ಕಂಡ ಮಕ್ಕಳು ಅದೇ ಏಟು, ಅದೇ ಮಾತು ನಕಲು ಮಾಡಿದರು, ಅದನ್ನು ನುಂಗಿಕೊಂಡು ವಾದ ಮಾಡಬೇಡಿ ಅಂತ ಬೈದರು. ಸಿನಿಮಾದಲ್ಲಿ ತೋರಿಸಿ ನೋಡಿದ್ದು 1963ರಲ್ಲಿ, ಅದು ಬೇರೆ ಪ್ರಯೋಗ, ಎರಡನ್ನೂ ಕಲಸಬೇಡಿ ಅಂತಲೂ ಬೈದರು. ಬೈಗುಳಕ್ಕೇನೂ ಬರ ಇರಲಿಲ್ಲ.

ಅವರಿಗೆ ಹಳೆಯ ಸಂಶೋಧನೆಗಳನ್ನು ಹೇಳೋದು ಅಂದರೆ ಬಲು ಇಷ್ಟ. ಸಿನಿಮಾ ಮಕ್ಕಳಿಗೆ ಏನು ಮಾಡುತ್ತೆ ಅಂತ ನೋಡಿದ ಅಮೆರಿಕದ ಪೇಯ್ನ್ ಫಂಡ್ ಅಧ್ಯಯನಗಳು 1933ರಲ್ಲಿ ಪ್ರಕಟವಾದವು. ಮಂಚಕ್ಕೆ ಯಂತ್ರ ಜೋಡಿಸಿ, ಸಿನಿಮಾ ನೋಡಿ ಬಂದ ಮಕ್ಕಳು ರಾತ್ರಿ ನಿದ್ದೆಯಲ್ಲಿ ಎಷ್ಟು ಹೊರಳಾಡುತ್ತಾರೆ ಅಂತ ಅಳೆದಿದ್ದರು! ಮೇಡಂ ಅದನ್ನು ಹೇಳಿ, ಇವತ್ತಿನ ಹೆಡ್‌ಲೈನ್ ಓದಿ ಅನ್ನುತ್ತಿದ್ದರು. ನಿದ್ದೆ, ಕಣ್ಣು, ಓದು, ಜಗಳ. ಪರದೆ ಬದಲಾಯಿತು, ಪಟ್ಟಿ ಅದೇ ಇದೆ ನೋಡಿ ಅಂತ.

ಟಿ.ವಿ. ಮಕ್ಕಳನ್ನು ಕಟ್ಟಿಹಾಕುತ್ತೆ ಅಂತ ನಾವೆಲ್ಲ ನಂಬಿದ್ದೆವು. ಅದನ್ನು ಒಡೆದಿದ್ದು ಮನಃಶಾಸ್ತ್ರಜ್ಞ ಡೇನಿಯಲ್ ಆಂಡರ್ಸನ್ ತಂಡದ ಕೆಲಸದ ಪಾಠ. ಐದು ವರ್ಷದ ಮಕ್ಕಳಿಗೆ ‘ಸೆಸಮಿ ಸ್ಟ್ರೀಟ್’ ಅನ್ನೋ ಮಕ್ಕಳ ಟಿ.ವಿ. ಕಾರ್ಯಕ್ರಮ ಹಾಕಿದರು. ಒಂದು ಗುಂಪಿಗೆ ಆಟಿಕೆ ಕೊಟ್ಟರು, ಇನ್ನೊಂದಕ್ಕೆ ಇಲ್ಲ. ಆಟಿಕೆ ಇಲ್ಲದವರು ನೂರಕ್ಕೆ 87ರಷ್ಟು ಹೊತ್ತು ಪರದೆ ನೋಡಿದರು, ಇದ್ದವರು 44ರಷ್ಟು ಮಾತ್ರ. ಆದರೆ ಆಮೇಲೆ ಪ್ರಶ್ನೆ ಕೇಳಿದರೆ ಇಬ್ಬರಿಗೂ ಅರ್ಥವಾಗಿದ್ದು ಒಂದೇ ಸಮ. ಅಂದರೆ ಆಟ ಆಡುತ್ತಲೇ ಆ ಮಕ್ಕಳು ಯಾವಾಗ ತಲೆ ಎತ್ತಬೇಕು ಅಂತ ಲೆಕ್ಕ ಹಾಕುತ್ತಿದ್ದವು. ನನಗೆ ಇದನ್ನು ಕೇಳಿದ ದಿನ ರಾತ್ರಿ ನಿದ್ದೆ ಬರಲಿಲ್ಲ ಅಂದರೆ ನಗಬೇಡಿ. ಮಗು ಅಂದರೆ ಸುಮ್ನೆ ಬಾಯಿ ಬಿಟ್ಟುಕೊಂಡು ಕೂತಿರೋ ಪಾತ್ರೆ ಅಲ್ಲ ಅಂತ ಮೇಡಂ ಎಷ್ಟು ಸಲ ಹೇಳಿದ್ದರೂ ತಲೆಗೆ ಹೋಗಿರಲಿಲ್ಲ. ಆ ಎರಡು ಅಂಕಿ ನೋಡಿ ಹೋಯಿತು.

ಮನಃಶಾಸ್ತ್ರಜ್ಞ ಜಾನ್ ಫ್ಲೇವೆಲ್ 1990ರಲ್ಲಿ ಮಕ್ಕಳಿಗೆ ಕೇಳಿದ ಪ್ರಶ್ನೆಯೊಂದನ್ನು ನಾವೂ ಕೇಳಿ ನೋಡಿದ್ದೆವು. ಟಿ.ವಿ.ಯೊಳಗೆ ಪಾಪ್‌ಕಾರ್ನ್ ಬಟ್ಟಲು ಕಾಣ್ತಾ ಇದೆ, ಟಿ.ವಿ. ತಲೆಕೆಳಗೆ ಮಾಡಿದರೆ ಅದು ಚೆಲ್ಲುತ್ತಾ? ಮೂರು ವರ್ಷದ ಮಕ್ಕಳಲ್ಲಿ ಬಹಳಷ್ಟು ಮಂದಿ ಚೆಲ್ಲುತ್ತೆ ಅಂದಿದ್ದರು. ನಾವು ಲೋಟದಲ್ಲಿ ನೀರು ತೋರಿಸಿದೆವು. ಒಬ್ಬ ಪುಟ್ಟ ಏನೂ ಹೇಳದೆ ಎದ್ದು ಒಳಗೆ ಹೋದ. ಉತ್ತರ ಇಲ್ಲ ಅಂತ ನಾನು ಬರೆದುಕೊಂಡೆ. ಅವನು ಒರೆಸೋ ಬಟ್ಟೆ ಹಿಡಿದುಕೊಂಡು ವಾಪಸ್ ಬಂದು ಟಿ.ವಿ. ಮುಂದೆ ನೆಲದ ಮೇಲೆ ಹಾಸಿದ! ಅವನ ಅಕ್ಕ, ಐದು ತುಂಬಿರಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆ ದಿನ ಸಂಜೆಯೇ ಮೇಡಂ ನಮ್ಮ ಉತ್ತರ ಪಟ್ಟಿಯನ್ನು ತಿದ್ದಿಸಿದರು. ನಾವು ಹೌದು, ಇಲ್ಲ, ಉತ್ತರ ಇಲ್ಲ ಅಂತ ಮೂರೇ ಕಾಲಂ ಹಾಕಿದ್ದೆವು. ಅವರು ‘ಗೊತ್ತಿಲ್ಲ’ ಅಂತ ಬೇರೆ ಕಾಲಂ ಹಾಕಿಸಿದರು. ಮಗು ಗೊತ್ತಿಲ್ಲ ಅನ್ನೋದು ಉತ್ತರ. ಸುಮ್ಮನಿರೋದು ಬೇರೆ. ಎದ್ದು ಹೋಗೋದು ಇನ್ನೂ ಬೇರೆ. ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದರೆ ನಿನ್ನ ಹತ್ತಿರ ಇರೋದು ಮಗುವಿನ ಲೆಕ್ಕ ಅಲ್ಲ, ನಿನ್ನ ಅವಸರದ ಲೆಕ್ಕ. ಹೀಗೆ ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಕ್ಯಾಸೆಟ್ ನೆನಪಿತ್ತು ಅನ್ನಿಸುತ್ತೆ.

ಓದು ಮುಗಿದ ಮೇಲೆ ಎರಡು ವರ್ಷ ಅವರ ಪ್ರಾಜೆಕ್ಟ್‌ನಲ್ಲಿ ಸಹಾಯಕನಾಗಿದ್ದೆ. ಈ ಸಲ ಹದಿಹರೆಯದವರು. ಪುಟ್ಟ ಮಕ್ಕಳು ಎಲ್ಲಕ್ಕೂ ಹೂಂ ಅಂದರೆ ಇವರು ಯಾವುದಕ್ಕೂ ಏನೂ ಅನ್ನಲ್ಲ. ಎದುರು ಕೂತು ಕೇಳಬೇಡ, ಪಕ್ಕದಲ್ಲಿ ನಡೀತಾ ಕೇಳು ಅನ್ನುತ್ತಿದ್ದರು ಮೇಡಂ. ಸೋನಿಯಾ ಲಿವಿಂಗ್‌ಸ್ಟನ್ ನೇತೃತ್ವದ ‘ಇಯು ಕಿಡ್ಸ್ ಆನ್‌ಲೈನ್’ ಅನ್ನೋ ಇಂಟರ್ನೆಟ್ ಬಳಕೆಯ ಸಮೀಕ್ಷೆ 2010ರಲ್ಲಿ ಯುರೋಪಿನ 25 ದೇಶಗಳಲ್ಲಿ 9ರಿಂದ 16 ವರ್ಷದ 25,000ಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಿದಾಗ, ಸೂಕ್ಷ್ಮವಾದ ಪ್ರಶ್ನೆಗಳಿಗೆ ಮಕ್ಕಳು ತಾವೇ ಗುಟ್ಟಾಗಿ ಉತ್ತರ ತುಂಬುವ ಹಾಗೆ ಮಾಡಿದ್ದರು. ಮೇಡಂಗೆ ಆ ವರದಿಯ ಅಂಕಿಗಳಿಗಿಂತ ಈ ಏರ್ಪಾಡೇ ಜಾಸ್ತಿ ಇಷ್ಟವಾಗಿತ್ತು.

ಒಂದು ದಿನ ಬಹಳ ದೂರ ಹೋಗಿದ್ದೆವು. ಹದಿನಾಲ್ಕು ವರ್ಷದ ಹುಡುಗ. ಅಪ್ಪ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕೊಟ್ಟರು. ಹುಡುಗ ಬಂದು ನಿಂತು “ನನಗೆ ಬೇಡ” ಅಂದ. ಅಪ್ಪನಿಗೆ ಸಿಟ್ಟು ಬಂತು. ಮಾತಾಡ್ತಾನೆ ಕೂತ್ಕೊಳ್ಳಿ, ಅವನದ್ದು ಯಾವಾಗಲೂ ಹಿಂಗೇ ಅಂದರು. ನಾನಾಗಲೇ ರೆಕಾರ್ಡರ್ ಆನ್ ಮಾಡಿದ್ದೆ. ಮೇಡಂ ಕೈ ಚಾಚಿ ಅದನ್ನು ಆಫ್ ಮಾಡಿ, “ನಿಮ್ಮ ಸಹಿ ಕೊಟ್ಟಿರಿ. ಅವನ ಸಹಿ ಅವನ ಹತ್ತಿರ ಇದೆ” ಅಂತ ಎದ್ದುಬಿಟ್ಟರು. ವಾಪಸ್ ಬರುವ ದಾರಿ ಪೂರ್ತಿ ನಾನು ಒಳಗೊಳಗೇ ಗೊಣಗಿದೆ. ಇಡೀ ದಿನ ಹಾಳು, ಅಲ್ವಾ? ಅವರು ಕಿಟಕಿಗೆ ತಲೆ ಒರಗಿಸಿ ಆರಾಮಾಗಿ ನಿದ್ದೆ ಮಾಡಿದರು.

ಮೇಡಂನ ದೇವರು ಮಾಡೋದು ಬೇಡ. ಯಾವ ಕೆಲಸವನ್ನೂ ಹೊತ್ತಿಗೆ ಮುಗಿಸಿದವರಲ್ಲ. ಆ ಪ್ರಾಜೆಕ್ಟ್‌ನ ಮಾತುಗಳನ್ನು ಬರಹಕ್ಕೆ ಇಳಿಸಿ, ಮತ್ತೆ ಮತ್ತೆ ಕೇಳಿ, ತಿದ್ದಿ, ಲೇಖನ ಹೊರಗೆ ಬರುವಷ್ಟರಲ್ಲಿ ಆ ಮಕ್ಕಳು ಬಳಸುತ್ತಿದ್ದ ವೆಬ್‌ಸೈಟೇ ಮುಚ್ಚಿಹೋಗಿತ್ತು. ಪುಸ್ತಕ ಬರೀತೀನಿ ಅಂತ ಹೇಳುತ್ತಲೇ ನಿವೃತ್ತರಾದರು. ನಮ್ಮಲ್ಲಿ ಇಬ್ಬರು ಅದೇ ಬೇಜಾರಿಗೆ ಪಿಎಚ್.ಡಿ. ಅರ್ಧಕ್ಕೆ ಬಿಟ್ಟರು. ಅವರದು ತಪ್ಪು ಅಂತ ನಾನು ಹೇಳಲಾರೆ.

2019ರಲ್ಲಿ ಅವರೇ ಫೋನ್ ಮಾಡಿದರು. ಏಮಿ ಓರ್ಬೆನ್, ಆಂಡ್ರ್ಯೂ ಶಿಬಿಲ್‌ಸ್ಕಿ ಬರೆದ ಲೇಖನ ಓದಿದ್ದರು. ಹದಿಹರೆಯದವರ ಮನಸ್ಸಿನ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ ನೂರಕ್ಕೆ 0.4, ಆಲೂಗಡ್ಡೆ ತಿನ್ನೋದಕ್ಕೂ ಹೆಚ್ಚುಕಡಿಮೆ ಅಷ್ಟೇ ನಂಟು ಕಾಣುತ್ತೆ ಅಂತ ಅದರಲ್ಲಿತ್ತು. ಆಲೂಗಡ್ಡೆ ಅಂತ ಹೇಳಿ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಸರಾಸರಿ ಚಿಕ್ಕದಿರಬಹುದು, ಆದರೆ ರಾತ್ರಿಯೆಲ್ಲ ಫೋನ್ ಹಿಡಿದು ಅಳುವ ಒಂದು ಹುಡುಗಿ ಆ ಸರಾಸರಿಯ ಒಳಗೇ ಕಳೆದುಹೋಗುತ್ತಾಳೆ, ಕಂಪನಿಗಳಿಗೆ ಇದೊಂದು ನೆಪ ಆಗುತ್ತೆ ಅಂತ ವಾದ ಮಾಡಿದೆ. ಅರ್ಧ ಗಂಟೆ ಜಗಳ. ಕೊನೆಗೆ, “ಹಾಗಾದರೆ ಆ ಹುಡುಗಿಯನ್ನು ಹುಡುಕಿ ಮಾತಾಡಿಸು, ನನ್ನ ಜೊತೆ ಯಾಕೆ ಮಾತಾಡ್ತಾ ಇದ್ದೀಯಾ?” ಅಂತ ಫೋನ್ ಇಟ್ಟರು.

ಆಸ್ಟ್ರೇಲಿಯಾದಲ್ಲಿ 16 ತುಂಬದವರಿಗೆ ಸೋಶಿಯಲ್ ಮೀಡಿಯಾ ಖಾತೆ ಇಲ್ಲ ಅನ್ನೋ ಕಾನೂನು 2025ರ ಡಿಸೆಂಬರ್ 10ಕ್ಕೆ ಜಾರಿಗೆ ಬಂತಲ್ಲ, ಆಗ ಇದರ ಬಗ್ಗೆ ಒಂದು ಲೇಖನ ಬರೆಯೋಣ ಅಂತ ಕೂತೆ. ಸಂಶೋಧನೆ ಬಿಟ್ಟು ಎಷ್ಟೋ ವರ್ಷವಾದರೂ ಚಟ ಬಿಡಲ್ಲ. ಮೊದಲು ಮನೆಯಿಂದಲೇ ಶುರು ಮಾಡೋಣ ಅಂತ ಹನ್ನೊಂದು ವರ್ಷದ ಮಗಳನ್ನು ಕರೆದೆ. ಫೋನಿನಲ್ಲಿ ರೆಕಾರ್ಡ್ ಒತ್ತಿದೆ. ಎದುರು ಕೂರದೆ ಪಕ್ಕದಲ್ಲೇ ಕೂತಿದ್ದೆ, ಅಷ್ಟು ನೆನಪಿತ್ತು.

ಅವಳು ಫೋನ್ ನೋಡಿದಳು. ನನ್ನನ್ನು ನೋಡಿದಳು.

“ಇದು ನಿನ್ನ ಆರ್ಟಿಕಲ್‌ಗಾ ಅಪ್ಪಾ?”

ಹೂಂ ಅಂದೆ.

“ಹಾಗಾದರೆ ಇವತ್ತು ಬೇಡ.”

ರೆಕಾರ್ಡ್ ಆಗಿದ್ದು ಹನ್ನೆರಡು ಸೆಕೆಂಡ್. ಅಳಿಸಿಬಿಟ್ಟೆ. ಅವಳು ಅಲ್ಲೇ ಪಕ್ಕದಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು, ಕಾಲು ಆಡಿಸುತ್ತಾ. ಆಮೇಲೆ “ಅದು...” ಅಂದಳು. ನಾನು ಬಾಯಿ ಬಿಡಲಿಲ್ಲ.