ಚೀಟಿ ಇಲ್ಲದ ಡಬ್ಬಿ

"ಶೆಫ್, ವಾಸನಿ ನೋಡ್ರಿ. ಈಗ ಸಮುದ್ರದಾಗಿಂದ ಎದ್ದು ಬಂದಂಗ ಅದಾವು."

ಸ್ಟೋರಿನ ಹುಡುಗ ಥರ್ಮಾಕೋಲ್ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದ. ಅವನು ಹೇಳಿದ್ದು ಖರೆ. ಐದು ಡಜನ್ ಆಯ್ಸ್ಟರ್, ಎರಡು ಚಿಪ್ಪಿನೊಳಗೆ ಬದುಕುವ ಜೀವಿ, ಕಾರವಾರದ ಕಡೆಯವರ ಬಾಯಲ್ಲಿ ಕಾಲ್ವಾ. ಚಿಪ್ಪೆಲ್ಲ ಬಿಗಿಯಾಗಿ ಮುಚ್ಚಿದ್ದವು. ಸ್ವಲ್ಪ ಬಾಯಿ ಬಿಟ್ಟಿದ್ದ ಎರಡನ್ನು ಚಮಚದಿಂದ ಕುಟ್ಟಿದೆ, ಮೆಲ್ಲಗೆ ಮುಚ್ಚಿಕೊಂಡವು. ಜೀವ ಇದೆ ಅಂತ ಅರ್ಥ. ಆಮೇಲೆ ಥರ್ಮಾಮೀಟರಿನ ಕಡ್ಡಿಯನ್ನು ಚಿಪ್ಪುಗಳ ನಡುವೆ ಇಳಿಸಿದೆ. 16 ಡಿಗ್ರಿ ತೋರಿಸಿತು. 5ರ ಒಳಗೆ ಇರಬೇಕಿತ್ತು.

ಡ್ರೈವರ್ ಅಣ್ಣನನ್ನು ಕೇಳಿದೆ. "ಅರಬೈಲ್ ಘಟ್ಟದಾಗ ಲಾರಿ ಅಡ್ಡ ನಿಂತಿತ್ರೀ. ಯಲ್ಲಾಪುರ ಮುಟ್ಟೋದ್ರಾಗ ಐಸ್ ಎಲ್ಲಾ ನೀರಾತು" ಅಂದ. ಯಾವ ಹೊಳೆಯವು, ಯಾವತ್ತು ತೆಗೆದಿದ್ದು ಅಂತ ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ಡಬ್ಬಿಯ ಮೇಲೆ ಚೀಟಿಯೂ ಇರಲಿಲ್ಲ.

ಅವತ್ತು ರಾತ್ರಿ ಹುಬ್ಬಳ್ಳಿಯ ನಮ್ಮ ಹೋಟೆಲಿನಲ್ಲಿ ಒಬ್ಬರ ಅರವತ್ತನೇ ಹುಟ್ಟುಹಬ್ಬದ ಊಟ. ಅಮೆರಿಕದಿಂದ ಬಂದಿದ್ದ ಮಗ ವಾರದ ಹಿಂದೆಯೇ ಫೋನ್ ಮಾಡಿ, ತಾನು ಅಲ್ಲಿ ತಿಂದು ಮೆಚ್ಚಿದ ಹಸಿ ಆಯ್ಸ್ಟರನ್ನು ಅಪ್ಪನಿಗೂ ತಿನ್ನಿಸಬೇಕು ಅಂದಿದ್ದ.

ಆ ಆಸೆ ನನಗೆ ಚೆನ್ನಾಗಿ ಗೊತ್ತು. ಅಮೆರಿಕದ ಬಂದರುಗಳಿಂದ ಹೊರಡುವ ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ನಾನು ಎರಡು ವರ್ಷ ಇದ್ದೆ, ಆಯ್ಸ್ಟರ್ ಬಿಡಿಸುವುದನ್ನು ಕಲಿತದ್ದು ಅಲ್ಲೇ. ಎಡಗೈಗೆ ದಪ್ಪ ಬಟ್ಟೆ ಸುತ್ತಿ, ತಗ್ಗಿನ ಚಿಪ್ಪು ಕೆಳಗೆ ಬರುವಂತೆ ಹಿಡಿದು, ಎರಡು ಚಿಪ್ಪು ಕೂಡುವ ಮೂಲೆಗೆ ಗಿಡ್ಡ ಚಾಕುವಿನ ತುದಿ ಕೊಟ್ಟು ಮಣಿಕಟ್ಟು ತಿರುವಿದರೆ ಟಕ್ ಅಂತ ಬಿಡುತ್ತದೆ. ಒಳಗಿನ ನೀರು ಚೆಲ್ಲಬಾರದು, ಅರ್ಧ ರುಚಿ ಅದರಲ್ಲೇ ಇದೆ. ಬಾಯಿಗಿಟ್ಟರೆ ಮೊದಲು ಉಪ್ಪು. ನುಂಗಿಬಿಡುವವರು ಬಹಳ, ಆದರೆ ಜಗಿಯಬೇಕು. ಜಗಿದಾಗ ಒಂದು ಸಿಹಿ ಬರುತ್ತದೆ. ಕೊನೆಗೆ ಎಳೆ ಸೌತಿಕಾಯಿಯಂಥ ತಂಪು. ಒಂದೇ ಜಾತಿಯದಾದರೂ ಬೇರೆ ನೀರಿನಲ್ಲಿ ಬೆಳೆದರೆ ರುಚಿಯೇ ಬೇರೆ. ಹೊಲದ ಬದುವಿನ ಮೇಲೆ ಕೂತು ಹಸಿ ಕಡ್ಲಿ ಸುಲಿದು ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಕಿ ಸೋಕಿದರೆ ಹೋಗಿಬಿಡುವ ರುಚಿ ಅಂತ ಒಂದು ಇರುತ್ತದೆ.

ಆ ರುಚಿ ಎಲ್ಲಿಂದ ಬರುತ್ತದೋ ಅಪಾಯವೂ ಅಲ್ಲಿಂದಲೇ. ಆಯ್ಸ್ಟರ್ ನೀರನ್ನು ಸೋಸಿ ಬದುಕುತ್ತದೆ. ದೊಡ್ಡದೊಂದು ದಿನಕ್ಕೆ ನೂರು ಲೀಟರಿಗೂ ಹೆಚ್ಚು ಸೋಸಬಲ್ಲದು. ನೀರಿಗೆ ಊರಿನ ಚರಂಡಿ ಸೇರಿದ್ದರೆ ವಾಂತಿ-ಭೇದಿ ತರುವ ನೋರೋವೈರಸ್, ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಅದರ ಹೊಟ್ಟೆಯಲ್ಲಿ ಕೂಡುತ್ತವೆ. 1988ರಲ್ಲಿ ಶಾಂಘೈನಲ್ಲಿ ಇದೇ ರೀತಿ ನೀರು ಸೋಸುವ ಚಿಪ್ಪಿನ ಜೀವಿಗಳನ್ನು ಅರೆಬೇಯಿಸಿ ತಿಂದು ಸುಮಾರು 3 ಲಕ್ಷ ಜನರಿಗೆ ಕಾಮಾಲೆ ಹರಡಿತ್ತು. ವಿಬ್ರಿಯೊ ಬ್ಯಾಕ್ಟೀರಿಯಾಕ್ಕಂತೂ ಚರಂಡಿಯೂ ಬೇಡ. ಬೆಚ್ಚಗಿನ ಉಪ್ಪುನೀರಿನಲ್ಲಿ ಅದು ತಾನಾಗಿಯೇ ಇರುತ್ತದೆ, ತೆಗೆದ ಮೇಲೆ ತಂಪು ತಪ್ಪಿದರೆ ಚಿಪ್ಪಿನೊಳಗೇ ಬೆಳೆಯುತ್ತದೆ. ಅದರಲ್ಲೇ ವಲ್ನಿಫಿಕಸ್ ಅನ್ನುವ ಒಂದು ಬಗೆ ರಕ್ತಕ್ಕೆ ಇಳಿಯುತ್ತದೆ. ಆ ಸೋಂಕು ತಗುಲಿದ ಐದು ಜನರಲ್ಲಿ ಒಬ್ಬರು ಸಾಯುತ್ತಾರೆ, ಕೆಲವರು ಒಂದೆರಡು ದಿನದಲ್ಲೇ ಹೋಗುತ್ತಾರೆ. ಲಿವರ್ ಕೆಟ್ಟವರಿಗೆ, ಶುಗರ್ ಇದ್ದವರಿಗೆ ಅದು ಹೆಚ್ಚು ಅಪಾಯ. ನಿಂಬೆ ಹಿಂಡಿದರೆ, ಖಾರದ ಸಾಸ್ ಹಾಕಿದರೆ, ಮೇಲೆ ಮದ್ಯ ಕುಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ ಅನ್ನುವುದು ಸುಳ್ಳು.

ಇದೆಲ್ಲ ಓದಿಕೊಂಡಿದ್ದರೂ ನಾನು ಒಂದು ತಪ್ಪು ಮಾಡಿದ್ದೆ. ಹಡಗು ಬಿಟ್ಟು ಬಂದ ಹೊಸದರಲ್ಲಿ, ಬೇರೆ ಊರಿನ ಒಂದು ಹೋಟೆಲಿನಲ್ಲಿ. ಡಬ್ಬಿ ತೆಗೆದು ಮೂಸಿ ನೋಡಿ "ಫ್ರೆಶ್ ಅದಾವು" ಅಂದೆ. ನನ್ನ ಮಾತು ನಂಬಿ ಜೊತೆಯ ಕುಕ್ ನಾಲ್ಕು ತಿಂದ. ನಡುರಾತ್ರಿ ವಾಂತಿ, ಭೇದಿ, ಹೊಟ್ಟೆ ಹಿಡಿದುಕೊಂಡು ಒದ್ದಾಟ. ಎರಡು ದಿನ ಸಲೈನ್ ಹಚ್ಚಿದ್ದರು. ಡಾಕ್ಟರ್ "ಅದು ಎಲ್ಲಿಂದ ಬಂದ ಮಾಲು?" ಅಂತ ಕೇಳಿದಾಗ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಹಡಗಿನಲ್ಲಿ ಪ್ರತಿ ಚೀಲಕ್ಕೂ ತೆಗೆದ ಜಾಗ, ತೆಗೆದ ದಿನ ಬರೆದ ಚೀಟಿ ಇರುತ್ತಿತ್ತು. ಮಾಲು ಖಾಲಿಯಾದ ಮೇಲೂ ಆ ಚೀಟಿಯನ್ನು 90 ದಿನ ಕಾದಿಡಬೇಕಿತ್ತು. ಕೆಟ್ಟ ಆಯ್ಸ್ಟರ್ ವಾಸನೆ ಬಡಿಯುತ್ತದೆ, ನಿಜ. ಆದರೆ ರೋಗ ಹೊತ್ತದ್ದು ನೋಡುವುದಕ್ಕೆ, ಮೂಸುವುದಕ್ಕೆ, ತಿನ್ನುವುದಕ್ಕೆ ಒಳ್ಳೆಯದರ ಹಾಗೇ ಇರುತ್ತದೆ. ಆ ಕುಕ್ ಆಸ್ಪತ್ರೆಯ ಮಂಚದ ಮೇಲೆ "ನೀವು ಹೇಳಿದ್ರಲ್ಲ ಅಣ್ಣಾ" ಅಂದದ್ದು ಇನ್ನೂ ಕಿವಿಯಲ್ಲಿದೆ.

ಆದ್ದರಿಂದ ಹುಬ್ಬಳ್ಳಿಯಲ್ಲಿ ಆ ಮಧ್ಯಾಹ್ನ ಮೊದಲು ಮಗನಿಗೆ ಫೋನ್ ಹಚ್ಚಿದೆ. ಆರ್ಡರ್ ತೆಗೆದುಕೊಂಡ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಅದು. "ಸರ್, ತಪ್ಪು ತಿಳ್ಕೋಬ್ಯಾಡ್ರಿ. ಊಟಕ್ಕ ಬರೋರೊಳಗ ಯಾರಿಗರೆ ಶುಗರ್, ಲಿವರ್ ತ್ರಾಸ ಐತೇನ್ರಿ?"

ಸ್ವಲ್ಪ ಹೊತ್ತು ಮಾತಿಲ್ಲ. "ಅಪ್ಪಾಗ ಎರಡ ವರ್ಷದಿಂದ ಲಿವರಿಗೆ ಔಷಧ ನಡದೈತ್ರಿ. ಯಾಕ್ರೀ?"

ಹೇಳಿದೆ. ಅವರು ಸಿಟ್ಟಾಗಲಿಲ್ಲ.

ಬೇಯಿಸಿ ಕೊಟ್ಟರೆ ಆಗುವುದಿಲ್ಲವೇ ಅಂತ ಮ್ಯಾನೇಜರ್ ಕೇಳಿದರು. ದುಡ್ಡಿನ ಲೆಕ್ಕ ಅವರದು, ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಎಷ್ಟು ತಾಸು ಬೆಚ್ಚಗಿತ್ತು ಅಂತಲೇ ಗೊತ್ತಿಲ್ಲದ ಮಾಲನ್ನು ನಾನು ಒಲೆಗೂ ಏರಿಸುವುದಿಲ್ಲ ಅಂದೆ. ಐದೂ ಡಜನ್ ಎಸೆದೆವು. ರಾತ್ರಿ ಪಾರ್ಟಿಗೆ ಕೋಳಿ, ಮಟನ್ ಹೋಯಿತು.

ಮಗ ವಾಪಸ್ ಹೊರಡುವ ಮುಂಚೆ ಇನ್ನೊಂದು ಡಬ್ಬಿ ತರಿಸಿದೆ, ಕುಮಟಾದ ಹತ್ತಿರದ ಅಘನಾಶಿನಿ ಅಳಿವೆಯದು. (ಆ ಅಳಿವೆ, ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆ ಎರಡೂ 2024ರಲ್ಲಿ ಒಟ್ಟಿಗೇ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದವು. ಆ ಸುದ್ದಿ ಓದಿದ ದಿನ ನನಗೆ ಬಹಳ ಖುಷಿಯಾಗಿತ್ತು.) ತೆಗೆದ ದಿನ, ಹೊತ್ತು, ಜಾಗ ಚೀಟಿಯಲ್ಲಿ ಬರೆದು ಅಂಟಿಸಿದರೆ ಮಾತ್ರ ತಗೋತೀನಿ ಅಂತ ಮಾಲು ಕಳಿಸುವವರಿಗೆ ಮೊದಲೇ ಹೇಳಿದ್ದೆ. ಡಬ್ಬಿ 4 ಡಿಗ್ರಿಯಲ್ಲಿ ಬಂತು. ಆದರೂ ಹಸಿ ಕೊಡಲಿಲ್ಲ. ತಂಪು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ, ಮೊದಲೇ ಒಳಗಿದ್ದದ್ದನ್ನು ತೆಗೆಯುವುದಿಲ್ಲ.

ಹಬೆಯಲ್ಲಿಟ್ಟೆ. ಚಿಪ್ಪು ಬಾಯಿ ಬಿಟ್ಟ ಕೂಡಲೇ ಇಳಿಸುವುದು ಬಹಳ ಜನ ಮಾಡುವ ತಪ್ಪು. ಬಿಟ್ಟ ಮೇಲೆ ಮತ್ತೆ 4ರಿಂದ 9 ನಿಮಿಷ ಬೇಯಬೇಕು, ನಾನು ಪೂರ್ತಿ 9 ಕೊಡುತ್ತೇನೆ. ಬಾಯಿ ಬಿಡದ ಮೂರನ್ನು ಎಸೆದೆ. ಉಳಿದವುಗಳ ಮೇಲೆ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಹುರಿದು ಕುಟ್ಟಿದ ಬ್ಯಾಡಗಿ ಮೆಣಸಿನಕಾಯಿ. ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ಆಯ್ಸ್ಟರಿನ ಸಿಹಿಯನ್ನು ಅದು ಮುಚ್ಚುವುದಿಲ್ಲ.

ಆ ಹಿರಿಯರು ಮೊದಲನೆಯದನ್ನು ಅನುಮಾನದಿಂದ ಬಾಯಿಗಿಟ್ಟರು. ಎರಡನೆಯದಕ್ಕೆ ರೊಟ್ಟಿ ಕೇಳಿದರು. ಚಿಪ್ಪಿನಲ್ಲಿ ಉಳಿದ ಬೆಣ್ಣೆಯನ್ನೆಲ್ಲ ರೊಟ್ಟಿಯ ತುಣುಕಿನಿಂದ ಬಳಿದು ತಿನ್ನುತ್ತಿದ್ದರೆ ಮಗ ಸುಮ್ಮನೆ ನೋಡುತ್ತ ಕೂತಿದ್ದ.

ಆ ಡಬ್ಬಿಯ ಚೀಟಿ ಸ್ಟೋರಿನ ಫೈಲಿನಲ್ಲಿದೆ. ಹುಡುಗ ತಾನೇ ಅದರ ಮೇಲೆ ತೊಂಬತ್ತನೇ ದಿನದ ತಾರೀಖು ಬರೆದಿಟ್ಟಿದ್ದಾನೆ.