ಕಲಾಯಿ ಹಾಕಿದ ವೈರ್ ಹುಡುಕಿಕೊಂಡು

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಇಂಜಿನ್ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಲೆಕ್ಕ ಹಾಕಿದರೆ 61 ದಿನ. ಹೊರಗಿನವರು ಇದನ್ನು ರಜೆ ಅಂದುಕೊಳ್ಳುತ್ತಾರೆ. ಉಡುಪಿ ಜಿಲ್ಲೆಯ ಗಂಗೊಳ್ಳಿ ಬಂದರಿಗೆ ಆ ದಿನಗಳಲ್ಲಿ ಒಮ್ಮೆ ಬಂದು ನೋಡಿ, ಬಲೆ ಹೊಲಿಯುವವರು, ಹಲಗೆ ಬದಲಾಯಿಸುವವರು, ಇಂಜಿನ್ ಬಿಚ್ಚಿ ಹರವಿಕೊಂಡು ಮಳೆ ಯಾವಾಗ ನಿಲ್ಲುತ್ತದೋ ಅಂತ ಆಕಾಶ ನೋಡುತ್ತಾ ಕೂತವರು, ಎಲ್ಲರೂ ಅಲ್ಲೇ ಇರುತ್ತಾರೆ. ಕಳೆದ ವರ್ಷ ಆ ಗುಂಪಿನಲ್ಲಿ ನಾನೂ ಒಬ್ಬ. ಚಿಕ್ಕಪ್ಪನ 32 ಅಡಿ ಮರದ ಟ್ರಾಲ್ ಬೋಟಿಗೆ (ಹಿಂದೆ ಬಲೆ ಎಳೆದುಕೊಂಡು ಹೋಗಿ ಮೀನು ಹಿಡಿಯುವಂಥದ್ದು) ಹೊಸದಾಗಿ ವೈರಿಂಗ್ ಮಾಡಬೇಕಿತ್ತು. ಇಪ್ಪತ್ತು ವರ್ಷದ ಹಿಂದೆ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ, ಆಮೇಲೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತವನು ನಾನು. ಆದರೆ ಮನೆಯವರ ಲೆಕ್ಕದಲ್ಲಿ ನಾನು ಈಗಲೂ "ಕರೆಂಟ್ ಗೊತ್ತಿರುವವನು".

ಶುರುವಾದದ್ದು ಮೇ ತಿಂಗಳಲ್ಲಿ. ರಾತ್ರಿ ವಾಪಸ್ ಬರುವಾಗ ಬೋಟಿನ ಎಡಗಡೆಯ ಕೆಂಪು ದೀಪ ಮಂಕಾಗಿ ಆರಿಹೋಯಿತಂತೆ. ತಳದಲ್ಲಿ ಸೇರುವ ನೀರನ್ನು ಹೊರಗೆ ಹೊಡೆಯುವ ಪಂಪ್ ಕೂಡ ನರಳುತ್ತಾ ತಿರುಗುತ್ತಿತ್ತು. ಪಂಪೇ ಹೋಗಿದೆ ಅಂತ ಹೊಸ ಪಂಪ್ ತಂದು ಹಾಕಿದರು. ಅದೂ ನರಳಿತು.

ನಾನು ಹೋಗಿ ಮಲ್ಟಿಮೀಟರ್ ಇಟ್ಟೆ. ಪಂಪಿನ ವೈರ್ ತುದಿಯಲ್ಲಿ 12.4 ವೋಲ್ಟ್. ಸರಿಯಾಗೇ ಇದೆಯಲ್ಲ ಅಂದುಕೊಂಡೆ. ಆಮೇಲೆ ಬುದ್ಧಿ ಬಂತು, ಪಂಪ್ ಓಡುವಾಗ ನೋಡಿದೆ, 9.8. ಬ್ಯಾಟರಿಯ ಹತ್ತಿರ ನೋಡಿದರೆ ಪಂಪ್ ಓಡುವಾಗಲೂ 12ಕ್ಕಿಂತ ಜಾಸ್ತಿಯೇ. ಅಂದರೆ ಎರಡಕ್ಕೂ ಹೆಚ್ಚು ವೋಲ್ಟ್ ದಾರಿಯಲ್ಲೇ ಮಾಯ. ಇದನ್ನು ನೆನಪಿಟ್ಟುಕೊಳ್ಳಿ, ಕೊಳೆತ ವೈರ್ ಕೂಡ ಕೆಲಸ ಕೊಡದಿದ್ದಾಗ ಸರಿಯಾದ ವೋಲ್ಟೇಜೇ ತೋರಿಸುತ್ತದೆ. ಲೋಡ್ ಹಾಕಿಯೇ ಅಳೆಯಬೇಕು.

ವೈರ್ ಕತ್ತರಿಸಿ ಸುಲಿದರೆ ಒಳಗೆ ತಾಮ್ರ ಇದ್ದಿಲಿನ ಹಾಗೆ ಕಪ್ಪಾಗಿತ್ತು, ಅಲ್ಲಲ್ಲಿ ಹಸಿರು ಕಿಲುಬು. ತುದಿಯಲ್ಲಿ ಮಾತ್ರ ಇರಬಹುದು ಅಂತ ಒಂದು ಗೇಣು ಬಿಟ್ಟು ಕತ್ತರಿಸಿದೆ. ಕಪ್ಪು. ಇನ್ನೊಂದು ಗೇಣು. ಮತ್ತೂ ಕಪ್ಪು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಆ ಸಣ್ಣ ಎಳೆಗಳು ಉಪ್ಪುನೀರನ್ನು ಪ್ಲಾಸ್ಟಿಕ್ ಒಳಗೇ ಹೀರಿಕೊಂಡು ಹೋಗುತ್ತವೆ. ಹೊರಗಿನಿಂದ ನೋಡಿದರೆ ವೈರ್ ಹೊಸದರ ಹಾಗೆ ಕೆಂಪಗೆ ಹೊಳೆಯುತ್ತಿರುತ್ತದೆ.

ಇದಕ್ಕೆ ಮದ್ದು ಹಳೆಯದೇ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಮಾಡಿದರೆ ಕಿಲುಬು ಏಳಬಾರದು ಅಂತ ಕಲಾಯಿ ಹಾಕಿಸುತ್ತಿದ್ದರಲ್ಲ, ಅದೇ. ಬೋಟಿಗೆ ಅಂತಲೇ ಮಾಡುವ ವೈರಿನಲ್ಲಿ ತಾಮ್ರದ ಪ್ರತಿಯೊಂದು ಎಳೆಗೂ ತೆಳುವಾಗಿ ತವರ ಬಳಿದಿರುತ್ತಾರೆ. ಟಿನ್ಡ್ ಕಾಪರ್ ಅನ್ನುತ್ತಾರೆ. ಹಾಗೆಯೇ ಎಳೆಗಳು ತೀರಾ ಸಣ್ಣಗಿರಬೇಕು, ಯಾಕೆಂದರೆ ಇಂಜಿನ್ ನಡುಗಿದಾಗ ದಪ್ಪ ಎಳೆ ಬಳಲಿ ಮುರಿಯುತ್ತದೆ. ಒಂಟಿ ಗಟ್ಟಿ ತಂತಿಯಂತೂ ಬೋಟಿಗೆ ಬೇಡವೇ ಬೇಡ.

"ಎಂತ ಮಾರಾಯಾ, ವೈರ್ ಅಂದ್ರೆ ವೈರ್ ಅಲ್ದಾ?" ಅಂದರು ಚಿಕ್ಕಪ್ಪ. ಇಷ್ಟು ವರ್ಷ ಮನೆಗೆ ಹಾಕುವ ವೈರನ್ನೇ ಬೋಟಿಗೂ ಹಾಕುತ್ತಾ ಬಂದಿದ್ದಾರೆ. ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸಿದರಾಯಿತು ಅನ್ನುವುದು ಅವರ ಲೆಕ್ಕ. ಅದು ಪೂರ್ತಿ ತಪ್ಪೂ ಅಲ್ಲ. ಆದರೆ ಮೂರನೇ ವರ್ಷದ ಯಾವ ರಾತ್ರಿ ಪಂಪ್ ನಿಲ್ಲುತ್ತದೆ ಅಂತ ವೈರ್ ಮೊದಲೇ ಹೇಳುವುದಿಲ್ಲವಲ್ಲ.

ಸರಿ, ಹುಡುಕಾಟ ಶುರು. ಕುಂದಾಪುರದ ಅಂಗಡಿಗಳಲ್ಲಿ ಟಿನ್ಡ್ ವೈರ್ ಅಂದರೆ ಸೋಲ್ಡರಿಂಗ್ ಲೆಡ್ ತೋರಿಸಿದರು. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಒಂದು ಶನಿವಾರ ಬಿವಿಕೆ ಅಯ್ಯಂಗಾರ್ ರಸ್ತೆಗೆ ಹೋದೆ. ಅಲ್ಲಿ ಸಿಗದ ಎಲೆಕ್ಟ್ರಿಕಲ್ ಸಾಮಾನು ಇಲ್ಲ ಅನ್ನುವುದು ನನ್ನ ನಂಬಿಕೆ. ಅಮೆರಿಕದಲ್ಲಿ ಬೋಟಿನ ವೈರಿಗೆ ಹೆಸರಾದ ಒಂದು ಬ್ರ್ಯಾಂಡ್ ಇದೆ, ಆಂಕರ್ ಅಂತ. ಸುಮ್ನೆ ಕೇಳಿ ನೋಡೋಣ ಅಂತ "ಆಂಕರ್ ವೈರ್ ಇದೆಯಾ" ಅಂದೆ. "ಯಾಕಿಲ್ಲ ಸಾರ್" ಅಂತ ಖುಷಿಯಿಂದ ಒಳಗೆ ಹೋದವರು ನಮ್ಮ ಮನೆಮನೆಯ ಸ್ವಿಚ್ಚಿನ ಆಂಕರ್ ಕಂಪನಿಯ ಮಾಲು ತಂದಿಟ್ಟರು. ಅಲ್ಲ ಸಾರ್, ಇದು ಬೇರೆ ಆಂಕರ್ ಅಂದೆ. ಸ್ಪೆಲ್ಲಿಂಗ್ ಬೇರೆ ಅಂದೆ. ಅವರು ನನ್ನ ಮುಖ ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. ನಾಲ್ಕು ಅಂಗಡಿಯಲ್ಲಿ ಇದೇ ಆಯಿತು, ಐದನೆಯದರಲ್ಲಿ ನಾನು ಆ ಹೆಸರೇ ಎತ್ತಲಿಲ್ಲ. ಹೊರದೇಶದಿಂದ ತರಿಸೋಣ ಅಂದರೆ ಸಾಗಣೆ, ಸುಂಕ ಎಲ್ಲಾ ಸೇರಿ ಬಂದ ಮೊತ್ತವನ್ನು ಚಿಕ್ಕಪ್ಪನಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಕೊನೆಗೆ ಅದು ಸಿಕ್ಕಿದ್ದು ಊರಿನಲ್ಲೇ, ಪಕ್ಕದ ಮನೆಯ ಮಾಡಿನ ಮೇಲೆ!

ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ ನಮ್ಮ ಕಡೆಯೂ ಅಲ್ಲಲ್ಲಿ ಸೋಲಾರ್ ಪ್ಯಾನೆಲ್ ಹಾಕಿಸುತ್ತಿದ್ದಾರೆ. ಪಕ್ಕದ ಮನೆಗೆ ಕೂರಿಸುತ್ತಿದ್ದ ಹುಡುಗರು ಕತ್ತರಿಸಿ ಬಿಸಾಡಿದ್ದ ವೈರ್ ತುಂಡು ನಮ್ಮ ಅಂಗಳದಲ್ಲಿ ಬಿದ್ದಿತ್ತು. ಎತ್ತಿ ನೋಡಿದರೆ ಒಳಗೆ ಬೆಳ್ಳಿ ಬಣ್ಣದ ಸಣ್ಣ ಸಣ್ಣ ಎಳೆ. ಮೊದಲು ಅಲ್ಯೂಮಿನಿಯಂ ಇರಬೇಕು ಅಂದುಕೊಂಡೆ. ಬ್ಲೇಡಿನಿಂದ ಕೆರೆದೆ. ಒಳಗೆ ಕೆಂಪು! ಕಲಾಯಿ ಹಾಕಿದ ತಾಮ್ರ. ಪ್ಯಾನೆಲ್‌ನಿಂದ ಇನ್ವರ್ಟರಿಗೆ ಬರುವ ಸೋಲಾರ್ ಡಿಸಿ ಕೇಬಲ್ ಅದು. ಮೇಲೆ ಇಎನ್ 50618 ಅಂತ ಅಚ್ಚಾಗಿತ್ತು, ಸೋಲಾರ್ ಕೇಬಲಿಗೆ ಯುರೋಪಿನವರು ಮಾಡಿದ ಮಾನದಂಡದ ನಂಬರ್ ಅದು. ಆ ಮಾನದಂಡಕ್ಕೆ ಮಾಡಿದ ಕೇಬಲಿನಲ್ಲಿ ಟಿನ್ಡ್ ತಾಮ್ರ, ಸಣ್ಣ ಎಳೆ, ಎರಡು ಪದರದ ಹೊದಿಕೆ ಎಲ್ಲಾ ಇರಲೇಬೇಕು. ವರ್ಷಗಟ್ಟಲೆ ಬಿಸಿಲು ಮಳೆಯಲ್ಲಿ ಇರಲಿ ಅಂತಲೇ ಮಾಡಿದ್ದು. 4 ಮತ್ತು 6 ಸ್ಕ್ವೇರ್ ಎಂಎಂ ದಪ್ಪದ್ದು ಸೋಲಾರ್ ಅಂಗಡಿಗಳಲ್ಲಿ ಮಾಮೂಲಿಯಾಗಿ ಸಿಗುತ್ತದೆ, ಮೀಟರ್ ಲೆಕ್ಕದಲ್ಲೂ ಕೊಡುತ್ತಾರೆ. ನಾನು ಬೆಂಗಳೂರೆಲ್ಲಾ ಸುತ್ತಿದ್ದೇ ಬಂತು.

ಆದರೆ ಸೋಲಾರ್ ಕೇಬಲ್ ಅಂತ ಮಾರುವುದೆಲ್ಲಾ ಟಿನ್ಡ್ ಅಲ್ಲ, ಅಗ್ಗದ್ದು ಬೇಕಾದಷ್ಟಿದೆ. ಒಂದು ಬ್ಲೇಡ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಎಳೆಯನ್ನು ಕೆರೆದಾಗ ಹೊರಗೆ ಬಿಳಿ, ಒಳಗೆ ಕೆಂಪು ಇದ್ದರೆ ತೆಗೆದುಕೊಳ್ಳಿ. ಒಳಗೂ ಹೊರಗೂ ಬಿಳಿ ಅಂದರೆ ಅಲ್ಯೂಮಿನಿಯಂ. ಹೊರಗೆ ಕೆಂಪು, ಒಳಗೆ ಬಿಳಿ ಇದ್ದರೆ ಅದು ಅಲ್ಯೂಮಿನಿಯಂ ಮೇಲೆ ತಾಮ್ರದ ತೊಗಲು, ಅದನ್ನು ಅಲ್ಲೇ ಬಿಟ್ಟು ಬನ್ನಿ.

ಈ ಕೇಬಲಿಗೂ ಕೊರತೆ ಇದೆ. ಕೆಂಪು, ಕಪ್ಪು ಬಿಟ್ಟರೆ ಬೇರೆ ಬಣ್ಣ ನನಗೆ ಸಿಗಲಿಲ್ಲ. ಹತ್ತು ಕೆಂಪು ವೈರ್ ಒಟ್ಟಿಗೆ ಹೋದರೆ ಯಾವುದು ಪಂಪಿನದು, ಯಾವುದು ವೈರ್‌ಲೆಸ್‌ದು ಅಂತ ಗೊತ್ತಾಗಬೇಕಲ್ಲ. ಪ್ಯಾನೆಲ್ ಬೋರ್ಡ್ ಮಾಡುವವರು ಬಳಸುವ ನಂಬರ್ ಫೆರೂಲ್, ಅಂದರೆ ನಂಬರ್ ಬರೆದ ಸಣ್ಣ ಪ್ಲಾಸ್ಟಿಕ್ ಬಳೆ, ತಂದು ಎರಡೂ ತುದಿಗೆ ಹಾಕಿದೆ. ಹೊದಿಕೆ ಸ್ವಲ್ಪ ಗಡುಸು, ಮೂಲೆಯಲ್ಲಿ ಬಗ್ಗಿಸುವಾಗ ಕೈ ನೋವು ಬರುತ್ತದೆ. ಸದಾ ನೀರಿನಲ್ಲಿ ಮುಳುಗಿರಲಿ ಅಂತ ಮಾಡಿದ್ದೂ ಅಲ್ಲ, ಹಾಗಾಗಿ ಬೋಟಿನ ತಳದ ನೀರು ಮುಟ್ಟದಷ್ಟು ಎತ್ತರದಲ್ಲೇ ಎಳೆದು, ಒಂದೊಂದೂವರೆ ಅಡಿಗೆ ಒಂದು ಕ್ಲಿಪ್ ಹೊಡೆದೆ.

ಯಾವ ದಪ್ಪದ್ದು ಬೇಕು ಅನ್ನುವುದರಲ್ಲಿ ನಾನು ಮೊದಲು ಎಡವಿದ್ದೆ. ಮನೆಯಲ್ಲಿ 5 ಆಂಪಿಯರ್‌ಗೆ 1.5 ಸ್ಕ್ವೇರ್ ಧಾರಾಳ ಸಾಕು. ಬೋಟಿನಲ್ಲಿ ಸಾಲದು. ನಮ್ಮ ಪಂಪ್ 5 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಸ್ವಿಚ್ ಬೋರ್ಡಿಗೆ ಬಂದು ಪಂಪಿನವರೆಗೆ 8 ಮೀಟರ್, ಹೋಗಿ ಬರುವುದು ಸೇರಿದರೆ 16. 1.5 ಸ್ಕ್ವೇರ್ ಹಾಕಿದರೆ ವೈರ್ ಹೊಸದಿದ್ದಾಗಲೇ ಸುಮಾರು 1 ವೋಲ್ಟ್ ದಾರಿಯಲ್ಲಿ ಹೋಗುತ್ತದೆ. ಮನೆಯ 230ರಲ್ಲಿ 1 ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. 12ರಲ್ಲಿ 1 ಅಂದರೆ 8 ಪರ್ಸೆಂಟಿಗೂ ಹೆಚ್ಚು! ಅಮೆರಿಕದ ಬೋಟುಗಳಿಗೆ ಎಬಿವೈಸಿ ಅಂತ ಒಂದು ಸಂಸ್ಥೆಯ ನಿಯಮಗಳಿವೆ. ದಿಕ್ಕು ತೋರಿಸುವ ಕೆಂಪು ಹಸಿರು ದೀಪಗಳಂಥ ಮುಖ್ಯವಾದವಕ್ಕೆ 3 ಪರ್ಸೆಂಟ್ ಮೀರಬಾರದು, ಒಳಗಿನ ದೀಪದಂಥವಕ್ಕೆ 10 ಆದರೂ ನಡೆಯುತ್ತದೆ ಅನ್ನುತ್ತದೆ ಅದು. ಪಂಪನ್ನೂ ನಾನು ಮುಖ್ಯವಾದದ್ದು ಅಂತಲೇ ಹಿಡಿದೆ. 3 ಪರ್ಸೆಂಟ್ ಅಂದರೆ 0.36 ವೋಲ್ಟ್. 4 ಸ್ಕ್ವೇರಿನಲ್ಲಿ 0.4 ಹೋಗುತ್ತದೆ, ಕೂದಲೆಳೆಯಲ್ಲಿ ತಪ್ಪಿತು. 6ರಲ್ಲಿ ಸುಮಾರು 0.27. ಹಾಗಾಗಿ ಪಂಪಿಗೆ 6, ಉಳಿದದ್ದಕ್ಕೆಲ್ಲಾ 4 ತಂದೆ. ದೊಡ್ಡ ಬೋಟುಗಳವರು ಎರಡು ಬ್ಯಾಟರಿ ಜೋಡಿಸಿ 24 ವೋಲ್ಟ್ ಇಟ್ಟುಕೊಂಡಿರುತ್ತಾರೆ, ಅವರಿಗೆ ಈ ತಲೆನೋವು ಕಡಿಮೆ.

ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋಗುವ ದಪ್ಪ ಕೇಬಲಿನಲ್ಲಿ ಮಾತ್ರ ನಾನು ರಾಜಿ ಮಾಡಿಕೊಂಡೆ. ಆ ದಪ್ಪದಲ್ಲಿ ಟಿನ್ಡ್ ಸಿಗಲಿಲ್ಲ, 50 ಸ್ಕ್ವೇರ್ ವೆಲ್ಡಿಂಗ್ ಕೇಬಲ್ ಹಾಕಿದೆ. ಎಳೆ ಬಹಳ ಸಣ್ಣ, ಚೆನ್ನಾಗಿ ಬಗ್ಗುತ್ತದೆ, ಆದರೆ ಬರೀ ತಾಮ್ರ. ವೆಲ್ಡಿಂಗ್ ಕೇಬಲಿನಲ್ಲೂ ಅಲ್ಯೂಮಿನಿಯಂ ಇದೆ, ಅಲ್ಲೂ ಬ್ಲೇಡ್ ತೆಗೆಯಿರಿ.

ಈಗ ತುದಿಗಳ ವಿಷಯ. ನನ್ನನ್ನು ಕೇಳಿದರೆ ವೈರಿಗಿಂತ ಇದೇ ಮುಖ್ಯ. ಹಳೇ ವೈರಿಂಗ್ ಬಿಚ್ಚಿದಾಗ ಸಿಕ್ಕಿದ ಜಾಯಿಂಟುಗಳಲ್ಲಿ ಮುಕ್ಕಾಲು ಪಾಲು ಬರೀ ತಿರುಚಿ ಟೇಪ್ ಸುತ್ತಿದ್ದವು. ಟೇಪ್ ಕರಗಿ ಅಂಟಂಟಾಗಿತ್ತು, ಒಳಗೆ ನೀರು. ಒಂದು ಕಡೆ ಯಾರೋ ನೀಟಾಗಿ ಸೋಲ್ಡರ್ ಮಾಡಿದ್ದರು, ಅದೂ ಮುರಿದಿತ್ತು, ಸೋಲ್ಡರ್ ಎಲ್ಲಿ ಮುಗಿಯುತ್ತದೋ ಸರಿಯಾಗಿ ಅಲ್ಲೇ. ಸೋಲ್ಡರ್ ಹೀರಿದ ಜಾಗ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ, ಅದರ ಪಕ್ಕದ್ದು ಮೆತ್ತಗಿರುತ್ತದೆ, ಇಂಜಿನ್ ದಿನವಿಡೀ ನಡುಗಿಸಿದರೆ ಅಲ್ಲೇ ಕತ್ತರಿಸುತ್ತದೆ. ನಮ್ಮೂರಿನ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಇದನ್ನು ಒಪ್ಪಲೇ ಇಲ್ಲ, ಸೋಲ್ಡರ್ ಇಲ್ಲದ ಜಾಯಿಂಟ್ ಜಾಯಿಂಟೇ ಅಲ್ಲ ಅಂತ ಅವರ ವಾದ. ಚಹಾ ಎರಡು ರೌಂಡ್ ಆದರೂ ವಾದ ಮುಗಿಯಲಿಲ್ಲ.

ನಾನು ಹಾಕಿದ್ದು ವೈರಿನ ತುದಿಗೆ ಒತ್ತಿ ಕೂರಿಸುವ ಟಿನ್ಡ್ ತಾಮ್ರದ ಲಗ್, ಎಲೆಕ್ಟ್ರಿಷಿಯನ್ನರು ಥಿಂಬಲ್ ಅನ್ನುತ್ತಾರಲ್ಲ, ಅದು. ಅಂಗಡಿಯಲ್ಲಿ ಅಲ್ಯೂಮಿನಿಯಂ ಲಗ್ ಕೂಡ ಹತ್ತಿರ ಹತ್ತಿರ ಅದೇ ಬಣ್ಣದಲ್ಲಿರುತ್ತದೆ, ಕೈಯಲ್ಲಿ ಹಿಡಿದರೆ ಹಗುರ. ಇಕ್ಕಳದಲ್ಲಿ ಜಜ್ಜಬೇಡಿ, ಪೂರ್ತಿ ಒತ್ತುವ ತನಕ ಬಿಡದ ರ‍್ಯಾಚೆಟ್ ಕ್ರಿಂಪಿಂಗ್ ಟೂಲ್ ತೆಗೆದುಕೊಳ್ಳಿ. ನಾನು ಈ ಕೆಲಸಕ್ಕೆ ಖರ್ಚು ಮಾಡಿದ್ದರಲ್ಲಿ ಅದಕ್ಕೆ ಕೊಟ್ಟ ದುಡ್ಡಿನ ಬಗ್ಗೆ ಮಾತ್ರ ಒಂದು ಚೂರೂ ಬೇಜಾರಿಲ್ಲ. ದಪ್ಪ ಕೇಬಲಿನ ಲಗ್ಗುಗಳನ್ನು ಮಾತ್ರ ಹೈಡ್ರಾಲಿಕ್ ಟೂಲ್ ಇರುವ ಪ್ಯಾನೆಲ್ ಬೋರ್ಡಿನವರ ಹತ್ತಿರ ಒತ್ತಿಸಿಕೊಂಡು ಬಂದೆ. ಲಗ್ಗಿನ ಮೇಲೆ ಹೀಟ್‌ಶ್ರಿಂಕ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ, ಹಾಕಬೇಕು, ಅದರಲ್ಲೂ ಒಳಗೆ ಅಂಟು ಇರುವಂಥದ್ದು. ಬಿಸಿ ಮಾಡಿದಾಗ ತುದಿಯಿಂದ ಅಂಟು ಹೊರಗೆ ಇಣುಕಿದರೆ ಗಾಳಿ ನೀರು ಬಂದ್. ಮಾಮೂಲಿ ಹೀಟ್‌ಶ್ರಿಂಕಿನಲ್ಲಿ ಅಂಟು ಇರುವುದಿಲ್ಲ. ಅದು ನನಗೆ ಸಿಕ್ಕಿದ್ದು ಎಸ್‌ಪಿ ರೋಡಿನಲ್ಲಿ, ಮೂರನೇ ಸಲ ಹೋದಾಗ.

ಫ್ಯೂಸ್ ಬಾಕ್ಸ್, ಬ್ಯಾಟರಿ ಕಟ್‌ಆಫ್ ಸ್ವಿಚ್ ಎಲ್ಲಾ ಜೆಸಿ ರೋಡಿನ ಲಾರಿ ಸಾಮಾನಿನ ಅಂಗಡಿಯದು. ಕಾರಿನಲ್ಲಿ ಬರುವ ಬ್ಲೇಡ್ ಫ್ಯೂಸೇ ಹಾಕಿದೆ. ಬಂದರಿನ ಪಕ್ಕದ ಗ್ಯಾರೇಜಿನಲ್ಲೂ ಸಿಗುವ ಫ್ಯೂಸ್ ಆದರೆ ಚಿಕ್ಕಪ್ಪ ಅದರ ಬದಲು ತಂತಿ ಸುತ್ತುವುದಿಲ್ಲ. ಮುಖ್ಯ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇದೆ, ಅದಕ್ಕಿಂತ ದೂರ ಹೋದಷ್ಟೂ ಕಾವಲಿಲ್ಲದ ವೈರ್ ಉದ್ದವಾಗುತ್ತದೆ. ಒಬ್ಬರು ಮನೆಯ ಎಂಸಿಬಿಯನ್ನೇ ಹಾಕಿ, ಆಗುತ್ತದೆ ಅಂದರು. ಬೇಡ. ಮನೆಯ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಎಂಸಿಬಿ ಬಿಟ್ಟಾಗ ಎದ್ದ ಕಿಡಿ ಆಗ ಆರುತ್ತದೆ. ಬ್ಯಾಟರಿ ಕರೆಂಟ್ ಸೊನ್ನೆಗೆ ಬರುವುದೇ ಇಲ್ಲ. ಎಂಸಿಬಿಯೇ ಬೇಕು ಅಂದರೆ ಸೋಲಾರ್ ಅಂಗಡಿಯಲ್ಲೇ ಡಿಸಿ ಎಂಸಿಬಿ ಸಿಗುತ್ತದೆ. ಅದರ ಮೇಲೆ ಪ್ಲಸ್ ಮೈನಸ್ ಗುರುತು ಇದ್ದರೆ ಹಾಗೆಯೇ ಜೋಡಿಸಬೇಕು.

ಒಟ್ಟು ಆರು ದಿನ ಹಿಡಿಯಿತು. ಅದರಲ್ಲಿ ಎರಡು ದಿನ ಮಳೆಗೆ ಟಾರ್ಪಾಲ್ ಹಿಡಿದು ನಿಂತದ್ದು. ಕೆಲಸ ಮುಗಿದ ಮೇಲೆ ಪಂಪ್ ಓಡಿಸಿ ಅದರ ತುದಿಯಲ್ಲಿ ಮೀಟರ್ ಇಟ್ಟರೆ 12.1. ಚಿಕ್ಕಪ್ಪನಿಗೆ ತೋರಿಸಿದೆ. ಅವರು ಮೀಟರ್ ನೋಡಲೇ ಇಲ್ಲ, ಪಂಪಿನ ಸದ್ದು ಕೇಳಿ "ಈಗ ಸಮಾ ಆಯ್ತ್ ಕಾಣ್" ಅಂದರು.

ಒಂದು ಎಡವಟ್ಟು ಉಳಿದಿದೆ. ಕಂಬದ ಮೇಲೆ ಟ್ರಾಲಿಂಗ್ ಮಾಡುವಾಗ ಹಾಕುವ ಹಸಿರು ದೀಪ, ಅದರ ಕೆಳಗೆ ಬಿಳಿ ದೀಪ, ಎರಡನ್ನೂ ಅಗ್ಗದ ಎಲ್‌ಇಡಿಗೆ ಬದಲಾಯಿಸಿದೆ. ಈಗ ಅವು ಉರಿದಾಗಲೆಲ್ಲಾ ವೈರ್‌ಲೆಸ್ಸಿನಲ್ಲಿ ಆಪತ್ತಿನ ಕರೆಗೆ ಅಂತ ಇರುವ 16ನೇ ಚಾನೆಲ್ಲಿನಲ್ಲಿ ಸರ್ ಅಂತ ಸದ್ದು. ಆರಿಸಿದರೆ ಸದ್ದಿಲ್ಲ. ಎಲ್‌ಇಡಿ ಒಳಗಿನ ಸರ್ಕ್ಯೂಟ್ ಮಾಡುವ ಕಿತಾಪತಿ ಅದು. ಇಂಥ ಸದ್ದು ತಡೆಯಲು ವೈರಿಗೆ ತೊಡಿಸುವ ಫೆರೈಟ್ ಉಂಗುರ ಹಾಕಿ ನೋಡಿದೆ, ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಬರುವ ಜೂನಿನಲ್ಲಿ ಒಳ್ಳೆಯ ದೀಪ ತರಬೇಕು. ಉಳಿದ 11 ಮೀಟರ್ ಕೆಂಪು ಕೇಬಲನ್ನು ಅದಕ್ಕೇ ಅಂತ ಎತ್ತಿಟ್ಟಿದ್ದೆ, ಪಕ್ಕದ ಬೋಟಿನವರು ಬಂದು ಒಯ್ದರಂತೆ.