ಏಪ್ರಿಲ್ 6, 2025, ಭಾನುವಾರ: ಅಜ್ಜಿಯ ರಟ್ಟಿನ ಟಿಕೆಟ್

ಮಧ್ಯಾಹ್ನ ಟೀವಿಲಿ ಪಾಂಬನ್ ಹೊಸ ಸೇತುವೆ, ಅದೇ ಸಮುದ್ರದ ಮೇಲೆ ರಾಮೇಶ್ವರಕ್ಕೆ ಹೋಗೋ ರೈಲು ಸೇತುವೆ, ಅದರ ಉದ್ಘಾಟನೆ ತೋರಿಸ್ತಿದ್ರು. ಮಧ್ಯದ ಭಾಗ ಲಿಫ್ಟ್ ಥರ ನೇರವಾಗಿ 17 ಮೀಟರ್ ಮೇಲೆ ಹೋಗುತ್ತೆ, ಕೆಳಗೆ ಹಡಗು ದಾಟುತ್ತೆ. ಮನೇಲಿ ಎಲ್ರೂ ಅದನ್ನೇ ಬಾಯಿ ಬಿಟ್ಕೊಂಡು ನೋಡ್ತಿದ್ರೆ ನನ್ನ ಕಣ್ಣು ಪಕ್ಕದಲ್ಲಿ ಸುಮ್ನೆ ನಿಂತಿದ್ದ ಹಳೇ ಸೇತುವೆ ಮೇಲೇ ಇತ್ತು. 1914ರದ್ದು ಅದು, ಹಡಗು ಬಂದ್ರೆ ಆಳುಗಳು ಕೈಯಲ್ಲೇ ತಿರುಗಿಸಿ ತೆಗೀಬೇಕಿತ್ತು. ಅಜ್ಜಿ ದಾಟಿದ್ದು ಆ ಸೇತುವೆನ.

ಆಮೇಲೆ ಕೂರೋಕಾಗ್ಲಿಲ್ಲ. ಬೀರು ತೆಗೆದು ಅವಳ ಕನ್ನಡಕದ ಡಬ್ಬಿ ಹುಡುಕಿದೆ. ಟಿಕೆಟ್ ಅಲ್ಲೇ ಇದೆ. ಆ ಕಾಲದ ಗಟ್ಟಿ ರಟ್ಟಿನ ಟಿಕೆಟ್, ಎರಡು ಬೆರಳಗಲ, ಒಂದು ಅಂಚಲ್ಲಿ ಟಿಸಿ ಕತ್ತರಿಸಿದ ಕಚ್ಚು, ಮೂಲೆಗಳು ಸವೆದು ಬಟ್ಟೆ ಥರ ಮೆತ್ತಗಾಗಿವೆ. ಸ್ಟೇಷನ್ ಗೇಟಲ್ಲಿ ಅದನ್ನ ವಾಪಸ್ ಕೊಡಬೇಕಿತ್ತಂತೆ, ಇವಳು ಕೊಡ್ಲಿಲ್ಲ. "ಅವನು ತಮಿಳಲ್ಲಿ ಕೇಳ್ದ, ನಾನು ಕನ್ನಡದಲ್ಲಿ ಏನೋ ಹೇಳ್ಕೊಂಡು ಬಂದ್ಬಿಟ್ಟೆ" ಅಂತಿದ್ಲು.

ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಲ್ಲಿ ಮಾವನ ಮೆಸೇಜು. "ನಮ್ಮಮ್ಮ ಎಂಥಾ ದೈವಭಕ್ತೆ, ಆಗಿನ ಕಾಲದಲ್ಲೇ ರಾಮೇಶ್ವರ, ಕೇದಾರ ಎಲ್ಲಾ ಒಬ್ಳೇ ಮುಗಿಸಿದ್ಲು." ಕೆಳಗೆ ಸಾಲಾಗಿ ಕೈಮುಗಿಯೋ ಚಿತ್ರಗಳು. ಬೇಜಾರಾಯ್ತು. ಸುಳ್ಳಲ್ಲ, ಅವಳಿಗೆ ಭಕ್ತಿ ಇತ್ತು. ಆದ್ರೆ ಅವಳು ಹೊರಟಿದ್ದು ಅದಕ್ಕಲ್ಲ ಅನ್ನೋದು ಇಡೀ ಮನೇಲಿ ನನಗೊಬ್ಳಿಗೇ ಗೊತ್ತು ಅಂತ ಕಾಣುತ್ತೆ.

ನಾನು ಪಿಯುಸಿಲಿದ್ದಾಗ ಒಂದು ರಾತ್ರಿ ಕರೆಂಟ್ ಹೋಗಿತ್ತು, ಇಬ್ರೂ ತಾರಸಿ ಮೇಲೆ ಚಾಪೆ ಹಾಕ್ಕೊಂಡು ಮಲಗಿದ್ವಿ, ಸುಮ್ನೆ ಕೇಳ್ದೆ, ಅಜ್ಜಿ ನಿಂಗೆ ರಾಮೇಶ್ವರದಲ್ಲಿ ಏನು ಇಷ್ಟ ಆಯ್ತು ಅಂತ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ರಾಮೇಶ್ವರ ಅಲ್ಲ ಕಣೆ, ಧನುಷ್ಕೋಡಿ" ಅಂದ್ಲು.

1964ರ ಡಿಸೆಂಬರ್. ಅಮ್ಮ ಆಗ ಮೂರು ತಿಂಗಳ ಕೂಸು, ಬಾಣಂತನ ಮುಗಿದಿತ್ತಷ್ಟೆ. ತಾತ ಪೇಪರ್ ಓದಿ ಹೇಳಿದ್ರಂತೆ, ಚಂಡಮಾರುತಕ್ಕೆ ಪಾಂಬನ್‌ನಿಂದ ಧನುಷ್ಕೋಡಿಗೆ ಹೋಗ್ತಿದ್ದ ರೈಲನ್ನ ಸಮುದ್ರ ಎಳ್ಕೊಂಡು ಹೋಯ್ತು, ಒಳಗಿದ್ದವರು ಒಬ್ರೂ ಉಳೀಲಿಲ್ಲ ಅಂತ. 22ರ ರಾತ್ರಿ ನಡೆದಿದ್ದು. ಊರೇ ಹೋಯ್ತು, ಆಮೇಲೆ ಸರ್ಕಾರ ಅಲ್ಲಿ ಯಾರೂ ವಾಸ ಮಾಡೋಹಾಗಿಲ್ಲ ಅಂದ್ಬಿಡ್ತು. ಅಜ್ಜಿ ಕೂಸನ್ನ ಮಡಿಲಲ್ಲಿಟ್ಕೊಂಡು ಅದನ್ನೇ ಯೋಚಿಸ್ತಿದ್ಲಂತೆ, ದಿನಗಟ್ಟಲೆ. ಕೊನೇಲಿ ಸಿಗ್ನಲ್ ಸಿಗ್ಲಿಲ್ಲವಂತೆ, ಡ್ರೈವರ್ ಕತ್ತಲಲ್ಲಿ ಕಾದು ಕಾದು ಆಮೇಲೆ ಸೀಟಿ ಹಾಕ್ಕೊಂಡು ಹೊರಟೇಬಿಟ್ಟನಂತೆ.

"ಅವನ ಜಾಗದಲ್ಲಿ ನಾನಿದ್ರೂ ಹೊರಡ್ತಿದ್ದೆ ಕಣೆ" ಅಂದ್ಲು ಅಜ್ಜಿ. "ಅದು ನಂಗೆ ಗೊತ್ತಿತ್ತು. ಅದಕ್ಕೇ ನೋಡ್ಬೇಕಿತ್ತು."

ಮೂವತ್ತು ವರ್ಷ ಕಾದಿದ್ದಾಳೆ. ಅರವತ್ತು ತುಂಬಿದ ಮೇಲೆ ರಾಮೇಶ್ವರಕ್ಕೆ ಹೋಗ್ಬರ್ತೀನಿ ಅಂದಿದ್ದಾಳೆ, ದೇವ್ರ ಹೆಸ್ರು ಹೇಳಿದ್ಮೇಲೆ ಯಾರು ಬೇಡ ಅಂತಾರೆ. ಮಂಡಿನೋವಿನ ತಾತ "ನನ್ನ ಪಾಲಿಂದೂ ನೀನೇ ಮುಳುಗಿ ಬಾ" ಅಂದ್ರಂತೆ. ಆಗ ಮೀಟರ್ ಗೇಜು, ಸೇತುವೆ ಮೇಲೆ ರೈಲು ನಡಿಗೆ ವೇಗದಲ್ಲಿ ಹೋಗ್ತಿತ್ತಂತೆ. ಕಿಟಕಿಯಿಂದ ಬಗ್ಗಿ ನೋಡಿದ್ರೆ ತಡೆಗೋಡೆ ಇಲ್ಲ ಏನಿಲ್ಲ, ಬರೀ ನೀರು. ದೇವಸ್ಥಾನದ 22 ಬಾವಿ ನೀರನ್ನೂ ಬೆಳಗ್ಗೇನೇ ಹೊಯ್ಸಿಕೊಂಡು, ತಾತನ ಹೆಸರಲ್ಲೂ ಮುಳುಗಿ, ಒದ್ದೆ ತಲೇಲೇ ಮೀನುಗಾರರ ವ್ಯಾನ್ ಹತ್ತಿದ್ದಾಳೆ. ಧನುಷ್ಕೋಡಿಗೆ ಈಗಿನ ಟಾರ್ ರಸ್ತೆ ಇರ್ಲಿಲ್ಲ, ಮರಳಲ್ಲಿ, ಅಲ್ಲಲ್ಲಿ ನೀರಲ್ಲೇ ವ್ಯಾನ್ ಹೋಗ್ತಿತ್ತು. ಚಾವಣಿ ಇಲ್ಲದ ಚರ್ಚು ಇತ್ತಂತೆ. ಹವಳದ ಕಲ್ಲಿನ ಗೋಡೆ, ತೂತು ತೂತು, ಮುಟ್ಟಿದ್ರೆ ಅಂಗೈಗೆ ಚುಚ್ಚುತ್ತೆ ಅಂದ್ಲು. ಒಂದು ಕಡೆ ಸಮುದ್ರ ಕೆರೆ ಥರ ತಣ್ಣಗೆ, ಇನ್ನೊಂದು ಕಡೆ ಅಬ್ಬರ. ರೈಲು ಹಳಿ ಎಲ್ಲಿತ್ತು ಅಂತ ಕೈಸನ್ನೇಲಿ ಕೇಳಿದ್ಲಂತೆ, ವ್ಯಾನಿನ ಹುಡುಗ ನೀರಿನ ಕಡೆ ಕೈ ತೋರಿಸ್ದ.

"ಆಮೇಲೆ?"

"ಆಮೇಲೇನು, ನಿಂತ್ಕೊಂಡೆ."

ಕೇದಾರಕ್ಕೆ ಹೋಗಿದ್ದೂ ಹಿಂಗೇ ಇರ್ಬೇಕು. ಗೌರೀಕುಂಡದಿಂದ 14 ಕಿಲೋಮೀಟರ್ ಏರು, ಕುದುರೆ ಬೇಡ ಅಂದು ನಡೆದಿದ್ಲು. ದಾರೀಲಿ ತಂಗಿದ್ದ ರಾಂಬಾಡಾ 2013ರ ಪ್ರವಾಹದಲ್ಲಿ ಪೂರ್ತಿ ಕೊಚ್ಚಿ ಹೋಯ್ತು. ಆ ಸುದ್ದಿ ಬಂದ ದಿನ ಅವಳು ಟೀವಿ ಮುಂದೆ ಕೂತವಳು ಏಳ್ಲೇ ಇಲ್ಲ. ಆಗ ಪಕ್ಕದಲ್ಲಿ ಕೂತು ಕೇಳ್ಬಹುದಿತ್ತು ನಾನು. ಏನೋ ಕೆಲ್ಸ ಅಂತ ಎದ್ದು ಹೋದೆ, ಏನು ಕೆಲ್ಸ ಅಂತ ಈಗ ನೆನಪೂ ಇಲ್ಲ.

ವಾಪಸ್ ಬಂದಾಗೆಲ್ಲ ಎಲ್ರೂ ಕೇಳ್ತಿದ್ದಿದ್ದು ದರ್ಶನ ಚೆನ್ನಾಗಾಯ್ತಾ ಅಂತ ಮಾತ್ರ. ಅವಳೂ "ಆಯ್ತು" ಅಂತಿದ್ಲು.

ರಾತ್ರಿ ಹನ್ನೊಂದೂವರೆ. ಟಿಕೆಟನ್ನ ಮೊಬೈಲ್ ಟಾರ್ಚ್ ಕೆಳಗೆ ಓರೆ ಮಾಡಿ ಹಿಡಿದು ನೋಡ್ತಿದ್ದೀನಿ. ತಾರೀಖಿನ ಅಚ್ಚು ಅರ್ಧ ಅಳಿಸಿದೆ. ಮೊದಲನೇದು 2, ಅದು ಸ್ಪಷ್ಟ. ಎರಡನೇದೂ ದುಂಡಗೇ ಶುರುವಾಗುತ್ತೆ, 2 ಇರ್ಬಹುದು, 3 ಇರ್ಬಹುದು. ತಿಂಗಳು ಕಾಣ್ತಿಲ್ಲ. ಅವಳು ಹೊರಟಾಗ ತಾತನ ಸ್ವೆಟರ್ ಹಾಕ್ಕೊಂಡಿದ್ದು ಮಾತ್ರ ನನಗೆ ಚೆನ್ನಾಗಿ ನೆನಪಿದೆ, ತೋಳು ಉದ್ದ ಆಗಿ ಮಡಚಿದ್ಲು. ಅಂದ್ರೆ ಚಳಿಗಾಲ. ಅಮ್ಮ ಮಲಗಿರ್ತಾಳೆ, ಬೆಳಗ್ಗೆ ಎದ್ದ ತಕ್ಷಣ ಕೇಳ್ಬೇಕು, ಅಜ್ಜಿ ಹೋದಾಗ ನಮಗೆ ಕ್ರಿಸ್ಮಸ್ ರಜಾ ಕೊಟ್ಟಿದ್ರಾ ಅಥವಾ